ನಂಬರ್ ಇಳಿಯಿತು, ನಾನು ಚಪ್ಪಾಳೆ ಹೊಡೆದೆ

ಮೊದಲೇ ಹೇಳಿಬಿಡುತ್ತೇನೆ, ಬೈಯುವವರಿಗೆ ಅನುಕೂಲವಾಗಲಿ. ಆ ಗೇಜ್ ತರಿಸಿದ್ದು ನಾನು. ಕೂಡಿಸಿದ್ದು ನಾನು. ಅದರ ನಂಬರ್ ಸರಸರನೆ ಇಳಿಯುವಾಗ ಹಿಂದಿನ ಸೀಟಿನಲ್ಲಿ ಕುಳಿತು ಚಪ್ಪಾಳೆ ಹೊಡೆದಿದ್ದೂ ನಾನೇ.

ಗೇಜ್ ಅಂದರೆ ದೊಡ್ಡ ಯಂತ್ರವೇನಲ್ಲ. ಬೈಕಿನ ಇಂಜಿನ್ ಸುತ್ತ ಹರಿದು ಅದನ್ನು ತಣ್ಣಗಿಡುವ ಕೂಲಂಟ್ ನೀರು ಎಷ್ಟು ಕಾದಿದೆ ಅಂತ ತೋರಿಸುವ ಒಂದು ಪುಟ್ಟ ಡಬ್ಬಿ. ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀಲಿ ಬೆಳಕಿನ ಅಂಕಿ. ನೋಡಲು ಬಲು ಚಂದ. (ಚಂದ ಕಾಣುವ ವಸ್ತುವಿನ ಮೇಲೆ ನನಗಿರುವಷ್ಟು ನಂಬಿಕೆ ನನ್ನ ಮೇಲೆ ನಮ್ಮಪ್ಪನಿಗೆ ಇದ್ದಿದ್ದರೆ ನಾನು ಇಷ್ಟೊತ್ತಿಗೆ ಏನೋ ಆಗಿರುತ್ತಿದ್ದೆ.)

ಬೈಕು ಮೈಬೂಬನದು.

ಮೈಬೂಬನನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಕೇಳಿರುತ್ತೀರಿ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಕಡೆ ಸೀರೆ ಸೇಲ್ ಇರಲಿ, ಕಣ್ಣಿನ ಕ್ಯಾಂಪ್ ಇರಲಿ, ಯಾರದೋ ಆಡು ಕಳೆದಿರಲಿ, ಯಾರೋ ತೀರಿಕೊಂಡಿರಲಿ, ಬೈಕಿನ ಹಿಂದೆ ಭೋಂಗಾ ಸ್ಪೀಕರ್ ಕಟ್ಟಿಕೊಂಡು ಗಲ್ಲಿಗಲ್ಲಿ ಸಾರುವವನು ಅವನೇ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಉರ್ದುವಿನಲ್ಲಿ. ರೆಕಾರ್ಡಿಂಗ್ ಹಚ್ಚಿ ಮಲಗುವ ಜಾತಿಯವನಲ್ಲ. ಪ್ರತಿ ಓಣಿಗೂ ಹೊಸದಾಗಿ ಬಾಯಿ ತೆರೆಯುತ್ತಿದ್ದ. 'ಸಮಸ್ತ ಮಹಾಜನತೆಗೆ' ಅಂತ ಅವನು ಎಳೆದರೆ ಮಾದನಹಿಪ್ಪರಗಾದ ಅಜ್ಜಿಯೂ ಅಂಗಳಕ್ಕೆ ಬಂದು ನಿಲ್ಲಬೇಕು.

ಅವನದೊಂದು ನೇಮವಿತ್ತು. ಸಾವಿನ ಸುದ್ದಿ ಹೇಳುವಾಗ ಓಣಿಯ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಕಾಲು ನೆಲಕ್ಕೂರಿ ಹೇಳುತ್ತಿದ್ದ. ಯಾಕೆ ಅಂತ ಒಮ್ಮೆ ಕೇಳಿದೆ.

"ಸೀರಿ ಮಾರೂ ಮುಂದ ಗಾಡಿ ಹೊಡ್ಕೋತ ಹೋದ್ರ ನಡೀತದ ಲೇ. ಸತ್ತಾವನ ಹೆಸರ ಹಂಗ ಹೇಳ್ಕೋತ ಹೋದ್ರ, ಅವ್ನ ಮ್ಯಾಲೂ ಡಿಸ್ಕೌಂಟ್ ಅದ ಏನೋ ಅನ್ಸಂಗಿಲ್ಲೇನು?"

ಇಂಥವನ ಗೆಳೆಯ ನಾನು. ನನ್ನ ಕಸುಬು ಮಿಮಿಕ್ರಿ. ಕಂಡವರ ಧ್ವನಿ ಕದಿಯುವುದು. ಬಸ್ ಕಂಡಕ್ಟರ್, ಹೆಡ್‌ಮಾಸ್ತರ್, ನಮ್ಮ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಮೈಬೂಬನ ಧ್ವನಿಯಂತೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇತ್ತು. ಅವನ ಅಮ್ಮಿಗೆ ಅವನದೇ ಧ್ವನಿಯಲ್ಲಿ ಫೋನ್ ಮಾಡಿ, "ಅಮ್ಮಿ, ಬಗಾರಾ ಅನ್ನ ಮಾಡು, ಪಾಪ ಶರಣು ಉಪವಾಸ ಅದಾನ" ಅಂತ ಹೇಳಿ, ಅರ್ಧ ತಾಸು ಬಿಟ್ಟು ಶರಣುವಾಗಿ, ಅಂದರೆ ನಾನಾಗಿಯೇ, ಹೋಗಿ ಉಂಡು ಬಂದಿದ್ದೇನೆ. ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯದಷ್ಟು ಪಕ್ಕಾ.

ಇನ್ನು ಆ ಬೈಕಿನ ವಿಷಯ. ಸಾರುವ ಕೆಲಸಕ್ಕೆ ಹಳೆಯ ಮೊಪೆಡ್ ಸಾಕು. ಇವನು ತಂದದ್ದು ರೇಸಿಗೆ ಹೋಗುವಂಥ ಸೆಕೆಂಡ್ ಹ್ಯಾಂಡ್ ಗಾಡಿ. ಮುಂದೆ ರೇಡಿಯೇಟರ್, ಫ್ಯಾನ್, ಎಲ್ಲ ಇದೆ. ಓಡಲೆಂದು ಹುಟ್ಟಿದ ಗಾಡಿಯನ್ನು ಇವನು ದಿನವಿಡೀ ಫಸ್ಟ್ ಗೇರಿನಲ್ಲಿ ಕೋಳಿಗಳ ಹಿಂದೆ ನಡೆಸುತ್ತಿದ್ದ. ಅದು ಕಾಯದೆ ಇರುತ್ತದೆಯೇ? ಮೇ ತಿಂಗಳು ಬೇರೆ. ಇಂಜಿನ್ ಕಾದರೆ ಹೊತ್ತಿಕೊಳ್ಳಬೇಕಾದ ಕೆಂಪು ದೀಪ ಹಿಂದಿನ ಮಾಲೀಕನ ಕಾಲದಲ್ಲೇ ಸತ್ತಿತ್ತು.

"ಗೇಜ್ ಹಾಕಿಸೋಣ" ಅಂದೆ. ಎಲ್ಲ ಅನಾಹುತಗಳೂ ನಮ್ಮಲ್ಲಿ ಹೀಗೇ ಶುರುವಾಗುತ್ತವೆ. ಬಹುವಚನದಲ್ಲಿ.

ಅಫಜಲಪುರದ ಮೆಕ್ಯಾನಿಕ್ ಡಬ್ಬಿಯನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದನ್ನ ಕೂಡ್ಸಬೇಕಂದ್ರ ಕಂಪನಿ ಪೈಪ್ ಕೊಯ್ಬೇಕು. ನಾ ಕೊಯ್ಯಂಗಿಲ್ರಿ" ಅಂದ. ಆಯಿತು, ಮೊಬೈಲಿನಲ್ಲಿ ವಿಡಿಯೋ ಇದೆಯಲ್ಲ! ಅದರಲ್ಲಿ ಒಬ್ಬ ಬಿಳಿ ಕೈಗವಸು ಹಾಕಿಕೊಂಡು ಹತ್ತು ನಿಮಿಷದಲ್ಲಿ ಮುಗಿಸಿದ್ದ. ನಾವು ಮೈಬೂಬನ ಮನೆಯ ಅಂಗಳದಲ್ಲಿ ಗಾಡಿ ಬಿಚ್ಚಿ ಕುಳಿತೆವು.

ಕೆಲಸ ಇಷ್ಟು. ರೇಡಿಯೇಟರ್ ಪೈಪನ್ನು ನಡುವೆ ಕತ್ತರಿಸಬೇಕು. ಅಲ್ಲಿ ಒಂದು ಲೋಹದ ಜಾಯಿಂಟ್ ಕೂಡಿಸಿ, ಅದರೊಳಗೆ ಸೆನ್ಸರ್ ತಿರುಗಿಸಬೇಕು. ಎರಡೂ ಕಡೆ ಕ್ಲಾಂಪ್ ಬಿಗಿಯಬೇಕು. ವೈರು ಎಳೆದು ಡಬ್ಬಿಗೆ ಕೊಡಬೇಕು. ಜಾಯಿಂಟ್ ಪೈಪಿಗಿಂತ ಒಂದು ಕೂದಲು ಸಣ್ಣದಾಗಿತ್ತು. ಸೈಕಲ್ ಟ್ಯೂಬ್ ಸುತ್ತಿದೆ. ಒಂದು ಕ್ಲಾಂಪ್ ಕೈಯಲ್ಲೇ ಮುರಿಯಿತು. ಒಳಗೆ ಹೋಗಿ ಅಮ್ಮಿಯ ಗ್ಯಾಸ್ ಒಲೆಯ ಪೈಪಿನದನ್ನು ಬಿಚ್ಚಿ ತಂದೆ.

"ಅರೇ ಶೈತಾನ್! ನನ್ನ ಚಹಾದ ಮ್ಯಾಲ ಕೈ ಹಾಕ್ದೇನು?" ಅಮ್ಮಿ ಬಾಗಿಲಲ್ಲಿ ನಿಂತು ಕೂಗಿದಳು.

"ಅಮ್ಮಿ, ನಿನ್ನ ಮಗನ ಗಾಡಿಗೆ ಜ್ವರ ಬಂದದ. ಥರ್ಮಾಮೀಟರ್ ಇಡಾಕತ್ತೇನಿ."

"ಗಾಡಿಗೆ ಥರ್ಮಾಮೀಟರ್! ನಿಮ್ಮ ತಲೀಗಿ ಒಂದು ತರ್ಸ್ಕೊಳ್ರಿ ಮೊದ್ಲ."

ನಾವು ನಕ್ಕೆವು. ಕೂಲಂಟ್ ತುಂಬಿದ ಮೇಲೆ ಪೈಪಿನೊಳಗೆ ಸಿಕ್ಕಿದ ಗಾಳಿ ತೆಗೆಯಬೇಕು ಅಂತ ವಿಡಿಯೋದವನು ಏನೋ ಹೇಳುತ್ತಿದ್ದ. ಆ ಭಾಗವನ್ನು ನಾನು ನೋಡದೆ ಮುಂದಕ್ಕೆ ಓಡಿಸಿದೆ. ಕೀಲಿ ತಿರುವಿದಾಗ ಹ್ಯಾಂಡಲ್ ಮೇಲೆ ನೀಲಿ ಅಂಕಿ ಬೆಳಗಿತು. ಮೈಬೂಬ ಮಗು ಕಂಡವನ ಹಾಗೆ ಮುಖ ಮಾಡಿದ. ಆಮೇಲೆ ಒಂದು ವಾರ ಅವನ ಸೇಲ್ ಪ್ರಚಾರದ ನಡುನಡುವೆ ಭೋಂಗಾದಿಂದ ಇದೂ ಬರುತ್ತಿತ್ತು: "ಸಮಸ್ತ ಮಹಾಜನತೆಗೆ, ನಮ್ಮ ಗಾಡಿ ಈಗ ತೊಂಬತ್ತೊಂದು! ಆರೋಗ್ಯವಾಗಿ ಅದ!"

ಆ ದಿನ ಜೇವರ್ಗಿಯಲ್ಲಿ ಒಂದು ಸೀರೆ ಅಂಗಡಿಯ ಉದ್ಘಾಟನೆಯ ಪ್ರಚಾರವಿತ್ತು. ಬೆಳಿಗ್ಗೆಯಿಂದ ಅಫಜಲಪುರದ ಓಣಿಗಳು, ಆಮೇಲೆ ಚೌಡಾಪುರ, ಆಮೇಲೆ ಜೇವರ್ಗಿ ಕಡೆ. ಅಂಗಡಿಯವರು ಕೊಟ್ಟ ಕಪ್ಪು ಜಾಕೆಟ್ ಹಾಕಿಕೊಳ್ಳಲೇಬೇಕಿತ್ತು, ಬೆನ್ನ ಮೇಲೆ ಅಂಗಡಿಯ ಹೆಸರಿತ್ತಲ್ಲ. ಅದರ ಮೇಲೆ ಹೆಲ್ಮೆಟ್. ನಾನು ಹಿಂದೆ, ತೊಡೆಯ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು, ತಮಾಷೆಗಾಗಿ.

ಸಾರುವವರದ್ದೊಂದು ಪದ್ಧತಿಯಿದೆ. ಕೆಲಸದ ನಡುವೆ ನೀರು ಕುಡಿಯುವುದಿಲ್ಲ. ಗಂಟಲು ಕೂತುಬಿಡುತ್ತದೆ ಅಂತ ಹೆದರಿಕೆ. ಒಂದೊಂದು ಗುಟುಕು ಬಿಸಿ ಚಹಾ, ಅಷ್ಟೇ. ಮೈಬೂಬ ಈ ಪದ್ಧತಿಯನ್ನು ನಮಾಜಿನಷ್ಟೇ ಶ್ರದ್ಧೆಯಿಂದ ಪಾಲಿಸುತ್ತಿದ್ದ. "ಪ್ರಚಾರ ಮುಗೀಲಿ, ಕೊಡ ಕುಡೀತೇನಿ" ಅನ್ನುತ್ತಿದ್ದ. ಬ್ಯಾಗಿನಲ್ಲಿ ದೊಡ್ಡ ಬಾಟಲಿ ತುಂಬ ನೀರಿತ್ತು. ಮುಚ್ಚಳ ತೆಗೆದಿರಲಿಲ್ಲ.

ಚೌಡಾಪುರ ದಾಟಿದ ಮೇಲೆ ನಂಬರ್ ಏರತೊಡಗಿತು. ನೂರಾ ನಾಲ್ಕು. ನೂರಾ ಒಂಬತ್ತು. ಗಾಡಿ ನಿಲ್ಲಿಸಿದೆವು. ರಸ್ತೆಯ ಎರಡೂ ಕಡೆ ಕರಿ ಹೊಲ ಬಾಯಿಬಿಟ್ಟು ಮಲಗಿತ್ತು. ಒಂದು ಗಿಡವಿಲ್ಲ. ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತೆಗೆದರೆ ಬುಸ್ಸೆಂದು ಹಬೆ. ಒಳಗೆ ಅರ್ಧ ಖಾಲಿ.

ಬ್ಯಾಗಿನ ಬಾಟಲಿ ತೆಗೆದೆ. ಮೈಬೂಬನ ಕಡೆ ನೋಡಿದೆ. "ನೀ ಸ್ವಲ್ಪ ಕುಡೀತಿ ಏನು?"

"ನನಗ ಏನಾಗ್ಯಾದ? ಗಾಡೀಗಿ ಹಾಕು. ಅದರ ನಂಬರ್ ನೋಡು."

ಹಾಕಿದೆ. ಪೂರ್ತಿ. ಕೊನೆಯ ಹನಿಗಾಗಿ ಬಾಟಲಿಯನ್ನು ತಟ್ಟಿದೆ ಕೂಡ.

ಆ ನೀರೆಲ್ಲ ನನ್ನ ಸೈಕಲ್ ಟ್ಯೂಬ್ ಜಾಯಿಂಟಿನಿಂದ ಸೋರುತ್ತಿತ್ತು ಅಂತ ನಮಗೆ ತಿಳಿಯಲಿಲ್ಲ. ಬಿದ್ದ ಹನಿ ಡಾಂಬರಿನ ಮೇಲೆ ಗುರುತು ಕೂಡ ಬಿಡದೆ ಆರುತ್ತಿತ್ತು. ಮತ್ತೆ ಹೊರಟೆವು. ನಂಬರ್ ಮತ್ತೆ ಏರಿತು. ಆಮೇಲೆ ಇದ್ದಕ್ಕಿದ್ದಂತೆ ಇಳಿಯಿತು. ತೊಂಬತ್ತು. ಎಂಬತ್ತೆರಡು. ಎಪ್ಪತ್ತು.

"ಇಳೀತು ಲೇ ಇಳೀತು!" ನಾನು ಹಿಂದಿನಿಂದ ಚಪ್ಪಾಳೆ ಹೊಡೆದೆ. ಮೈಬೂಬ ಮೈಕಿನಲ್ಲಿ ಖಾಲಿ ಹೊಲಗಳಿಗೆ ಸಾರಿದ: "ಮಹಾಜನತೆಗೆ ಶುಭ ಸುದ್ದಿ!"

ಸೆನ್ಸರ್ ನೀರಿನೊಳಗೆ ಮುಳುಗಿದ್ದರೆ ನೀರಿನ ಬಿಸಿ ಹೇಳುತ್ತದೆ. ನೀರೇ ಇಲ್ಲದಿದ್ದರೆ? ಖಾಲಿ ಪೈಪಿನ ಗಾಳಿಯನ್ನು ಅಳೆದು ತಣ್ಣಗೆ ಕೂತುಬಿಡುತ್ತದೆ. ಅಂದರೆ ಗಾಡಿ ಸಾಯುವ ಹೊತ್ತಿಗೆ ಅದರ ನಂಬರ್ ಅತ್ಯಂತ ಆರೋಗ್ಯವಾಗಿತ್ತು. ಇದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಇಷ್ಟೇ: ಕರ್ ಅಂತ ಒಂದು ಸದ್ದು, ಹಿಂದಿನ ಗಾಲಿ ಬಿಗಿದುಕೊಂಡು ಎಳೆಯಿತು, ಇಂಜಿನ್ ನಿಂತಿತು. ಗೇಜಿನಲ್ಲಿ ಅರವತ್ತಾರು.

ಗಾಡಿ ಬಿಟ್ಟು ಹೋಗೋಣ ಅಂದೆ. ಅವನು ಒಪ್ಪಲಿಲ್ಲ. ಭೋಂಗಾ ಇದೆ, ಬ್ಯಾಟರಿ ಇದೆ, ಅದೇ ಅವನ ಅಂಗಡಿ. ನ್ಯೂಟ್ರಲ್‌ಗೆ ಹಾಕಿ ತಳ್ಳತೊಡಗಿದ. ಹ್ಯಾಂಡಲ್ ಅವನದು. ಹಿಂದಿನಿಂದ ಕೈ ಹಚ್ಚಿದ್ದು ನಾನು. (ಹಚ್ಚಿದ್ದೆ ಅಷ್ಟೇ. ಬಾಯಿ ಮಾತ್ರ ಪೂರ್ತಿ ಜೋರಿನಲ್ಲಿ ಕೆಲಸ ಮಾಡುತ್ತಿತ್ತು.) ಮೆಕ್ಯಾನಿಕ್‌ನ ಧ್ವನಿ, ವಿಡಿಯೋದವನ ಧ್ವನಿ, ಅಮ್ಮಿಯ ಧ್ವನಿ, ಒಂದರ ಮೇಲೊಂದು ಮಾಡಿ ಅವನನ್ನು ನಗಿಸುತ್ತಿದ್ದೆ.

ಒಂದು ಹೊತ್ತಿನಲ್ಲಿ ಅವನು ಹೆಲ್ಮೆಟ್ ತೆಗೆದ. ಮುಖ ಒಣಗಿತ್ತು. ನಾನು ಬೆವರಿನಲ್ಲಿ ತೊಯ್ದಿದ್ದೆ, ಅವನ ಹಣೆಯ ಮೇಲೆ ಒಂದು ಹನಿಯಿಲ್ಲ. ಕೊರಳಿನ ಹತ್ತಿರ ಉಪ್ಪಿನ ಬಿಳಿ ಗೆರೆ ಮಾತ್ರ.

"ಏನ್ ಲೇ, ಒಳಗ ಎ.ಸಿ. ಕೂಡ್ಸಿಕೊಂಡೀಯೇನು? ಬೆವರೇ ಇಲ್ಲ!"

ಗಾಡಿಯ ಪಾಠವನ್ನೇ ಇನ್ನೊಮ್ಮೆ ಓದುತ್ತಿದ್ದೆ ನೋಡಿ. ತಣ್ಣಗೆ ಕಂಡಿತು, ಸಮಾಧಾನಪಟ್ಟೆ.

ಆಮೇಲೆ ಅವನ ಮಾತು ಎಳೆಯತೊಡಗಿತು. "ಶರಣ್ಣೂ... ಜ್ಯಾ... ಜ್ಯಾವರಗಿ..." ನಾಲಗೆ ದಪ್ಪವಾಗಿ, ಪದಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಕಾಲುಗಳು ಅಡ್ಡಡ್ಡ ಬೀಳುತ್ತಿದ್ದವು. ಕುಡುಕನ ಪಾತ್ರ ಮಾಡುತ್ತಿದ್ದಾನೆ ಅಂದುಕೊಂಡೆ. ಅನುಕರಣೆಯವನ ಗೆಳೆಯ ಕೊನೆಗೂ ಕಲಿತ! ನಾನೇನು ಮಾಡಿದೆ ಗೊತ್ತೇ? ಅದನ್ನೇ ತಿರುಗಿ ಮಾಡಿ ತೋರಿಸಿದೆ. "ಮೈಬ್ಬೂ... ಜ್ಯಾ... ಜ್ಯಾವರಗಿ..." ಅದೇ ಎಳೆತ, ಅದೇ ಅಂಟು, ಅದೇ ಓಲಾಟ. ಅವನು ನನ್ನ ಕಡೆ ತಿರುಗಿ ನೋಡಿದ. ಏನೋ ಹೇಳಲು ಹೋದ. ಅದನ್ನೂ ಮಾಡಿದೆ. ಅವನಿಗಿಂತ ಚೆನ್ನಾಗಿ ಮಾಡಿದೆ. ಬಹಳ ಹೊತ್ತು ಮಾಡಿದೆ.

ಗಾಡಿ ಅವನ ಮೇಲೆ ಬಿತ್ತು. ಅವನು ಏಳಲಿಲ್ಲ.

ಅವನ ಮೈ ಮುಟ್ಟಿದರೆ ಕಾದ ಸೈಲೆನ್ಸರ್ ಮುಟ್ಟಿದ ಹಾಗಿತ್ತು. ಖಾಲಿ ಬಾಟಲಿ ತೆಗೆದು ಅವನ ಬಾಯಿಗೆ ಹಿಡಿದೆ. ಖಾಲಿ ಅಂತ ಗೊತ್ತಿತ್ತು, ಆದರೂ ಹಿಡಿದೆ. ಒಂದು ಕಾರು ಹೋಯಿತು, ನಿಲ್ಲಲಿಲ್ಲ. ಆಗ ಭೋಂಗಾ ನೆನಪಾಯಿತು. ಊರಿನ ಕಳೆದ ಆಡುಗಳನ್ನೆಲ್ಲ ಹುಡುಕಿಕೊಟ್ಟ ಭೋಂಗಾ! ಸ್ವಿಚ್ ಹಾಕಿ ಮೈಕ್ ಬಾಯಿಗಿಟ್ಟುಕೊಂಡೆ.

ಬಾಯಿಂದ ಬಂದದ್ದು ಏನು? "ಸಮಸ್ತ ಮಹಾಜನತೆಗೆ..." ಮೈಬೂಬನ ಧ್ವನಿ. ಮೈಕ್ ಹಿಡಿದರೆ ನನಗೆ ಬೇರೆ ಯಾವ ಧ್ವನಿಯೂ ಬರುತ್ತಿರಲಿಲ್ಲ. "ಬರ್ರಿ, ಲಗೂನ ಬರ್ರಿ" ಅಂತ ಕೂಗಿದೆ. ಸೀರೆ ಸೇಲಿಗೂ ಅದನ್ನೇ ಕೂಗುವುದು. ದೂರದಲ್ಲಿ ಮನುಷ್ಯರು ಕಾಣುತ್ತಿದ್ದರು. ಯಾರೂ ಕತ್ತು ಎತ್ತಲಿಲ್ಲ. ಯಾಕೆ ಎತ್ತಬೇಕು? ಭೋಂಗಾ ದಿನಾಲೂ ಕರೆಯುತ್ತದೆ.

ಕೊನೆಗೆ ಆ ಧ್ವನಿ ಒಡೆದು ನನ್ನದೇ ಯಾವುದೋ ಹೊರಬಿತ್ತು. ಮಾತಾಗಿರಲಿಲ್ಲ ಅದು.

ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಹೊಲ ದಾಟಿ ಓಡಿ ಬಂದಳು. ಕೈಯಲ್ಲಿ ನೀರಿನ ಕ್ಯಾನ್. "ಸೇಲ್ ಇರಬೇಕು ಅನ್ಕೊಂಡಿದ್ದೆ ನೋಡಪ್ಪ. ಆಮ್ಯಾಲ ಅಳೂದು ಕೇಳಿಸ್ತು" ಅಂದಳು. ನಾನು ಇನ್ನೂ ಮೈಕ್ ಹಿಡಿದಿದ್ದೆ. "ಅದನ್ನ ಬಿಡ, ಅಂವ್ನ ಜಾಕೀಟ್ ಬಿಚ್ಚು" ಅಂತ ಗದರಿಸಿ ನೀರೆಲ್ಲ ಅವನ ತಲೆ, ಎದೆಯ ಮೇಲೆ ಸುರಿದಳು. ರಸ್ತೆಯ ನಡುವೆ ನಿಂತು ಒಂದು ಟಂಟಂ ಆಟೋ ಅಡ್ಡಗಟ್ಟಿದಳು. ಅವಳ ಹೆಸರು ಕೇಳಲಿಲ್ಲ ನಾನು.

ಕಲಬುರಗಿಯ ದವಾಖಾನೆಯಲ್ಲಿ ಅವನ ಸುತ್ತ ಎಷ್ಟೊಂದು ಗೇಜುಗಳು! ಎಲ್ಲವೂ ಬೆಳಗುತ್ತಿದ್ದವು. ಬಿಸಿಲಿನ ಝಳ ಮಿದುಳಿಗೆ ಹೊಡೆದಿದೆ ಅಂದ ಡಾಕ್ಟರು ಅಮ್ಮಿಯ ಎದುರೇ ನನ್ನನ್ನು ಕೇಳಿದರು, "ಬೀಳೋದಕ್ಕಿಂತ ಮೊದಲು ಮಾತು ತೊದಲ್ತಿತ್ತಾ? ಎಷ್ಟು ಹೊತ್ತಿನಿಂದ?"

ಅಮ್ಮಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲ ಸರ್. ಚಲೋ ಮಾತಾಡ್ಕೋತ ಬರಾಕತ್ತಿದ್ದ. ದಬಕ್ಕನ ಬಿದ್ದ."

ಎಂದೂ ಯಾರ ಧ್ವನಿಯಲ್ಲೂ ಇಷ್ಟು ಸಲೀಸಾಗಿ ಮಾತಾಡಿರಲಿಲ್ಲ. ಅಮ್ಮಿ ನನ್ನ ಕೈ ಹಿಡಿದುಕೊಂಡು, "ನೀ ಇದ್ದಿ, ಅದಕ್ಕ ಉಳದಾನ ಬೇಟಾ" ಅಂದಳು. ಡಾಕ್ಟರು ಹೋಗುವಾಗ ಇನ್ನೊಂದು ಮಾತು ಹೇಳಿದರು. ಬದುಕಿದರೂ ಆ ಮಧ್ಯಾಹ್ನ ಅವನಿಗೆ ನೆನಪಿರುವುದು ಕಷ್ಟ. ನನಗೆ ಸಮಾಧಾನವಾಯಿತು. ಹೌದು, ಆಯಿತು. ಬರೆದೇಬಿಡುತ್ತೇನೆ.

ಮೈಬೂಬ ಬದುಕಿದ. ಗೋಡೆ ಹಿಡಿದು ನಡೆಯುತ್ತಾನೆ. ಆದರೆ ಮಾತು ಆ ರಸ್ತೆಯ ಮೇಲೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿದೆ. ದಪ್ಪ ನಾಲಗೆ, ಅಂಟಿದ ಪದಗಳು. ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಅನ್ನುತ್ತಾರೆ. ಮೂರು ತಾಲ್ಲೂಕಿಗೆ ಕೇಳಿಸುತ್ತಿದ್ದವನು ಈಗ ಪಕ್ಕದಲ್ಲಿ ಕುಳಿತವರಿಗೂ ಎರಡು ಸಲ ಹೇಳಬೇಕು. ನೋಡಲು ಬಂದವರು ಅವನ ಮಾತು ಮುಗಿಯುವ ಮೊದಲೇ "ಹೌದ್ ಹೌದ್" ಅನ್ನುತ್ತಾರೆ.

ನಾನು? ನಾನು ಅವನ ಮುಂದೆ ಜಿಲ್ಲಾಧಿಕಾರಿ ಕಚೇರಿಯ ಪ್ರಕಟಣೆಯ ಹಾಗೆ ಮಾತಾಡತೊಡಗಿದೆ. ಆರಾಮಿದ್ದೀಯಾ, ಊಟ ಆಯಿತಾ. ಯಾರ ಧ್ವನಿಯನ್ನೂ ಮಾಡುತ್ತಿರಲಿಲ್ಲ. ಎಲ್ಲರೂ ಮೆಚ್ಚಿದರು, ಹುಡುಗ ಗಂಭೀರನಾದ ಅಂತ.

ಗಾಡಿಗೆ ಮೀಟರ್ ಹಾಕುತ್ತೇವೆ. ಅದನ್ನು ಬಿಸಿಲಿನಲ್ಲಿ ದಿನವಿಡೀ ಓಡಿಸುವವನಿಗೆ ಜಾಕೆಟ್ ಹಾಕುತ್ತೇವೆ. ಇದರ ಮೇಲೆ ಒಂದು ದೊಡ್ಡ ಲೇಖನ ಬರೆಯಬಹುದಿತ್ತು. ಬರೆಯಲೆಂದು ಕುಳಿತೂ ಇದ್ದೆ, ಎಲ್ಲ ತಪ್ಪನ್ನೂ ಬಿಸಿಲಿನ ಮೇಲೆ, ಸೀರೆ ಅಂಗಡಿಯ ಮೇಲೆ ಹಾಕಿ. ಚೆನ್ನಾಗಿಯೂ ಬಂದಿತ್ತು. ಅಷ್ಟರಲ್ಲಿ ಕಳೆದ ವಾರ ಜೇವರ್ಗಿಯಿಂದ ಫೋನ್ ಬಂತು. ಅದೇ ಅಂಗಡಿ. ಹೊಸ ಸ್ಟಾಕ್ ಬಂದಿದೆ, ಪ್ರಚಾರ ಬೇಕು. "ಮೈಬೂಬನ ಆವಾಜೇ ಬೇಕ್ರಿ, ಮಂದಿಗಿ ಅದೇ ರೂಢಿ. ನೀವು ಡಿಟ್ಟೋ ಮಾಡ್ತೀರಂತಲ್ಲ? ರೆಕಾರ್ಡ್ ಮಾಡಿ ಕೊಡ್ರಿ."

ಅಮ್ಮಿಯನ್ನು ಕೇಳಿದೆ. "ಮಾಡು. ಮನೀ ನಡೀಬೇಕಲ್ಲ" ಅಂದಳು.

ಆಂಪ್ಲಿಫೈಯರ್ ಅವರ ಮನೆಯಲ್ಲೇ ಇತ್ತು. ಅಲ್ಲೇ ಕುಳಿತೆ. ಮೈಬೂಬ ಒಳಗೆ ಮಲಗಿದ್ದಾನೆ ಅಂತ ಮೆಲ್ಲಗೆ ಶುರು ಮಾಡಿದೆ. ಆದರೆ ಆ ಧ್ವನಿ ಮೆಲ್ಲಗೆ ಬರುವಂಥದ್ದಲ್ಲ. "ಸಮಸ್ತ ಮಹಾಜನತೆಗೆ!" ಮನೆ ತುಂಬಿತು. ಅಂಗಳದ ಕೋಳಿ ಕತ್ತೆತ್ತಿತು. ರೊಟ್ಟಿ ಬಡಿಯುತ್ತಿದ್ದ ಅಮ್ಮಿಯ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಅವಳ ಮಗ ಆರೋಗ್ಯವಾಗಿ, ದುಂಡಗೆ, ಬಾಗಿಲಿನವರೆಗೂ ತುಂಬಿ ಮಾತಾಡುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಳು.

ಮುಗಿಸಿ ತಿರುಗಿದರೆ ಗೋಡೆ ಹಿಡಿದುಕೊಂಡು ಮೈಬೂಬ ನಿಂತಿದ್ದ. ಯಾವಾಗ ಬಂದನೋ.

"ಹೇಗಿದೆ? ಸರಿಯಾಗಿದೆಯಾ?" ನಾನು ಪ್ರಕಟಣೆಯ ಧ್ವನಿಯಲ್ಲಿ ಕೇಳಿದೆ.

ಅವನು ಮೆಲ್ಲಗೆ ಬಂದು ಅಮ್ಮಿಯ ಪಕ್ಕದಲ್ಲಿ ಕುಳಿತ. ಆಂಪ್ಲಿಫೈಯರಿನ ಸ್ವಿಚ್ ಬಂದ್ ಮಾಡಿದ, ಇಂಜಿನ್ ಬಂದ್ ಮಾಡುತ್ತಿದ್ದ ಹಾಗೆ. ಒಂದೊಂದು ಪದವನ್ನೂ ಎತ್ತಿ ಎತ್ತಿ ಇಟ್ಟ. ಬಹಳ ಹೊತ್ತು ಹಿಡಿಯಿತು. ಈ ಸಲ ಯಾರೂ ನಡುವೆ "ಹೌದ್ ಹೌದ್" ಅನ್ನಲಿಲ್ಲ. ನಾನು ಇಲ್ಲಿ ಜೋಡಿಸಿ ಬರೆಯುತ್ತಿದ್ದೇನೆ, ಅಷ್ಟೇ:

"ಇದು ಎಲ್ಲಾರಿಗೂ ಗೊತ್ತಿದ್ದದ್ದ ಅದ ಬಿಡು. ಅವತ್ತ ಹಾದ್ಯಾಗ ನಂದು ಮಾಡ್ದಿ ನೋಡು, ಅದನ್ನ ಮಾಡಿ ತೋರ್ಸು ಲೇ. ಅಮ್ಮಿ ಇನ್ನಾ ಕೇಳಿಲ್ಲ."